ಹಳೆಯ ಛತ್ರವನ್ನು ಪಾರಂಪರಿಕ ಕಟ್ಟಡ ಎಂದು ಘೋಷಿಸಲು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪಟ್ಟಣದ ಹಳೇ ಪೇಟೆಯಲ್ಲಿ ನೂರು ವರ್ಷ ದಾಟಿದ ಛತ್ರ ಇದೆ, ಅಕ್ಕಪಕ್ಕ ಜಗಲಿ ಮನೆಗಳ ಸಾಲಿದೆ, ಛತ್ರ ಕೆಡವಿ ಮಳಿಗೆ ಕಟ್ಟುವ ಮಾತು ನಡೆದಿದೆ, ಅದನ್ನು ಸರ್ಕಾರದಿಂದ ಪಾರಂಪರಿಕ ಕಟ್ಟಡ ಎಂದು ಘೋಷಣೆ ಮಾಡಿಸಲು ಯಾರಿಗೆ ಅರ್ಜಿ ಕೊಡಬೇಕು ಎಂದು ಕೇಳಿದ್ದೀರಿ. ಅರ್ಜಿ ಬರೆಯುವ ಮುಂಚೆ ಒಂದು ತೀರ್ಮಾನ ಆಗಬೇಕು: ಯಾವ ಕಾಯ್ದೆಯ ಬಾಗಿಲು ತಟ್ಟುತ್ತೀರಿ? ಇಂಥ ಪ್ರಯತ್ನಗಳು ಹೆಚ್ಚಾಗಿ ಹಳ್ಳ ಹಿಡಿಯುವುದು ಇಲ್ಲೇ. ‘ಸಂರಕ್ಷಿತ ಸ್ಮಾರಕ’ ಬೇರೆ, ‘ಪಾರಂಪರಿಕ ಕಟ್ಟಡ’ ಬೇರೆ. ಎರಡಕ್ಕೂ ಒಂದೇ ಮನವಿ ಕೊಟ್ಟರೆ ಒಂದು ಇಲಾಖೆ ಇನ್ನೊಂದರ ಕಡೆ ಕೈ ತೋರಿಸುತ್ತದೆ, ಕಡತ ನಡುವೆ ಮಲಗುತ್ತದೆ.

ಸ್ಮಾರಕದ ದಾರಿಯಲ್ಲಿ ಎರಡು ಮೆಟ್ಟಿಲು. ರಾಷ್ಟ್ರೀಯ ಮಹತ್ವ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, 1958ರ ಕೇಂದ್ರ ಕಾಯ್ದೆ. ಅಷ್ಟಿಲ್ಲದಿದ್ದರೆ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, 1961ರ ರಾಜ್ಯ ಕಾಯ್ದೆ. ಎರಡರಲ್ಲೂ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಕೇಂದ್ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರ ಮೊದಲು ‘ಹೀಗೆ ಘೋಷಿಸುವ ಉದ್ದೇಶವಿದೆ’ ಎಂದು ಎರಡು ತಿಂಗಳ ನೋಟಿಸು ಹೊರಡಿಸಿ, ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಸಂಬಂಧಪಟ್ಟ ಯಾರೇ ಆದರೂ ಆ ಎರಡು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅದನ್ನು ಪರಿಶೀಲಿಸಿದ ಮೇಲೆ ರಾಜ್ಯಪತ್ರದಲ್ಲಿ ಅಂತಿಮ ಅಧಿಸೂಚನೆ. ರಾಜ್ಯದ ಕಾಯ್ದೆಯೂ ಇದೇ ಅಚ್ಚಿನದು.

ಇನ್ನೊಂದು ದಾರಿ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯದು. ವಾಸ್ತು, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವುಳ್ಳ, ಯೋಜನಾ ಪ್ರಾಧಿಕಾರವೋ ಬೇರೆ ಸಕ್ಷಮ ಪ್ರಾಧಿಕಾರವೋ ಘೋಷಿಸಿದ ಕಟ್ಟಡವೇ ಅದರ ಪ್ರಕಾರ ಪಾರಂಪರಿಕ ಕಟ್ಟಡ. ಅಂಥ ಕಟ್ಟಡಗಳೂ ಅವುಗಳ ಆವರಣವೂ ಸೇರಿದ ಜಾಗ ಪಾರಂಪರಿಕ ಪ್ರದೇಶ. ನಿಮ್ಮ ಛತ್ರ ಮತ್ತು ಮನೆಗಳ ಸಾಲು ಎರಡಕ್ಕೂ ಹೊಂದುವುದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಜನ ವಾಸವಾಗಿರುವ ಬೀದಿಯನ್ನು ಸ್ಮಾರಕ ಮಾಡಲು ಹೊರಟರೆ ಮೊದಲು ಎದುರಾಗಿ ನಿಲ್ಲುವವರು ಆ ಬೀದಿಯವರೇ. ಅವರ ಹೆದರಿಕೆಗೆ ಕಾರಣವೂ ಇದೆ. 2010ರ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ 100 ಮೀಟರಿನಲ್ಲಿ ಹೊಸ ಕಟ್ಟಡ ಏಳುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಪಾರಂಪರಿಕ ಪಟ್ಟಿಯ ಕಟ್ಟಡಕ್ಕೆ ಈ ಸುತ್ತಳತೆ ತಾನಾಗಿ ಅಂಟಿಕೊಳ್ಳುವುದಿಲ್ಲ. ಮನವಿಯ ಮೊದಲ ಪುಟದಲ್ಲೇ ಇದನ್ನು ಬರೆಯಿರಿ.

ಪರಂಪರೆ ಉಳಿಸಲು ದುಡಿಯುವ ಸರ್ಕಾರೇತರ ಸಂಸ್ಥೆ ಇಂಟ್ಯಾಕ್‌ನ ಪಟ್ಟಿಯಲ್ಲಿ ಹೆಸರು ಬಂದರೆ ಸಾಕೇ ಎಂದು ಕೇಳುವವರಿದ್ದಾರೆ. ಸಾಲದು. ಅದು ಒಳ್ಳೆಯ ಪುರಾವೆ, ತಜ್ಞರ ಮಾತಿನ ತೂಕ ಅದಕ್ಕಿದೆ, ಆದರೆ ಕೆಡವುವ ಕೈಯನ್ನು ಹಿಡಿಯುವ ಕಾನೂನಿನ ಬಲ ಇಲ್ಲ.

ಈಗ ಕಡತದ ವಿಷಯ. ಇಲ್ಲಿ ಪಟ್ಟ ಶ್ರಮ ಎಲ್ಲೂ ವ್ಯರ್ಥವಾಗುವುದಿಲ್ಲ.

ಮೊದಲು ಜಾಗ ಯಾರದು ಎಂಬುದು. ಹಳೆಯ ಛತ್ರಗಳು ದಾನವಾಗಿ ಬಂದವು. ಕೆಲವು ಟ್ರಸ್ಟಿನ ಹೆಸರಿನಲ್ಲಿ, ಕೆಲವು ಮುಜರಾಯಿಯಲ್ಲಿ, ಕೆಲವು ಪುರಸಭೆಯ ಖಾತೆಯಲ್ಲಿ ಇರುತ್ತವೆ. ಉಪನೋಂದಣಾಧಿಕಾರಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲು, ಪುರಸಭೆಯಿಂದ ಖಾತೆಯ ಪ್ರತಿ, ನಗರ ಮಾಪನ ಆಗಿರುವ ಊರಾದರೆ ಆಸ್ತಿ ಪತ್ರ, ಇಲ್ಲದಿದ್ದರೆ ಸರ್ವೆ ನಂಬರಿನ ನಕಾಶೆ, ಇಷ್ಟನ್ನು ತೆಗೆಸಿ. ದಾನಪತ್ರದಲ್ಲಿ ‘ಯಾತ್ರಿಕರ ತಂಗುವಿಕೆಗಾಗಿ’ ಎಂಬಂಥ ಷರತ್ತು ಇದ್ದರೆ ಮಳಿಗೆ ಕಟ್ಟುವವರಿಗೆ ಅದೇ ದೊಡ್ಡ ತಡೆ. ಚಕ್ಕುಬಂದಿಯನ್ನು ಹಳೆಯ ಪತ್ರದಿಂದ ಹಾಗೇ ನಕಲು ಮಾಡಬೇಡಿ. ‘ಪೂರ್ವಕ್ಕೆ ಇಂಥವರ ಮನೆ’ ಎಂದು ಬರೆದ ಆ ಮನೆ ಮೂರು ಕೈ ಬದಲಾಗಿರುತ್ತದೆ. ಈಗಿನ ಗಡಿ, ಅಳತೆ, ಆಸ್ತಿ ಸಂಖ್ಯೆ, ಅಕ್ಷಾಂಶ ರೇಖಾಂಶ ಹಾಕಿ ಹೊಸ ನಕ್ಷೆ ಮಾಡಿಸಿ. ಸರ್ವೆ ನಂಬರ್ ತಪ್ಪಿದ ಅಧಿಸೂಚನೆ, ಗಡಿ ಹೇಳದ ಅಧಿಸೂಚನೆ ನ್ಯಾಯಾಲಯದಲ್ಲಿ ಮೊದಲ ಪ್ರಶ್ನೆಗೇ ತಡವರಿಸುತ್ತದೆ.

ಎರಡನೆಯದು ವಯಸ್ಸಿನ ಸಾಕ್ಷ್ಯ. ‘ಹಿರಿಯರು ಹೇಳುತ್ತಾರೆ’ ಎಂಬುದು ಸಾಕ್ಷ್ಯವಲ್ಲ. ಶಾಸನವೋ ಅಡಿಗಲ್ಲೋ ಇದ್ದರೆ ಅದರಿಂದ ಆರಂಭಿಸಿ. ಅಕ್ಷರ ಎದ್ದು ಕಾಣಲಿ ಎಂದು ಬಣ್ಣ, ಎಣ್ಣೆ, ಸೀಮೆಸುಣ್ಣ ಏನನ್ನೂ ತುಂಬಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಬೆಳಕು ಅಡ್ಡಲಾಗಿ ಹಾಯುವಂತೆ ಮಾಡಿದರೆ ಸವೆದ ಅಕ್ಷರದ ನೆರಳೂ ಎದ್ದು ಬರುತ್ತದೆ. ನಾಲ್ಕೂ ಕಡೆಯಿಂದ ಹಾಗೆ ಬೆಳಕು ಬಿಟ್ಟು ಒಂದೊಂದು ಫೋಟೋ ತೆಗೆಯಿರಿ. ಆ ಶಾಸನ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ನಿಮ್ಮ ತಾಲ್ಲೂಕಿನ ಭಾಗದಲ್ಲಿ ಅಚ್ಚಾಗಿದ್ದರೆ ಅದರ ಸಂಖ್ಯೆ ಕೊಡಿ. ಹಳೆಯ ಮೈಸೂರು ಸೀಮೆಯವರಾದರೆ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನೂ ರಾಜ್ಯ ಪತ್ರಾಗಾರ ಇಲಾಖೆಯ ಕಡತಗಳನ್ನೂ ಹುಡುಕಿಸಿ. ಛತ್ರದ ರಿಪೇರಿಗೆ ಹಣ ಮಂಜೂರಾದ ಒಂದು ಹಾಳೆ ಸಿಕ್ಕರೂ ಇಸವಿ ಗಟ್ಟಿಯಾಗುತ್ತದೆ.

ಬರಹ ಸಿಗದಿದ್ದರೆ ಕಟ್ಟಡವೇ ಹೇಳುತ್ತದೆ. ಮಾಡಿನ ಒಂದು ಹೆಂಚು ತೆಗೆದು ಮಗುಚಿ ನೋಡಿ, ಕಾರ್ಖಾನೆಯ ಹೆಸರೂ ಊರೂ ಉಬ್ಬಕ್ಷರದಲ್ಲಿ ಇರುತ್ತವೆ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ, ಹಾಗಾಗಿ ಮಂಗಳೂರು ಹೆಂಚು ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಆದರೆ ಹೆಂಚು ಹೇಳುವುದು ಮಾಡಿನ ವಯಸ್ಸನ್ನು, ಗೋಡೆಯದಲ್ಲ. ನಾಡಹೆಂಚು ತೆಗೆದು ಮಂಗಳೂರು ಹೆಂಚು ಹೊದಿಸಿದ ಮನೆಗಳು ಎಷ್ಟೋ. ಮದ್ರಾಸ್ ತಾರಸಿ, ಅಂದರೆ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆ ಹಾಕಿದ ಚಾವಣಿ, ಇದ್ದರೆ ಅದರ ಕಬ್ಬಿಣದ ತೊಲೆಗಳ ಪಕ್ಕೆಯಲ್ಲಿ ‘ಡಾರ್ಮನ್ ಲಾಂಗ್’ ಎಂಬಂಥ ವಿಲಾಯತಿ ತಯಾರಕರ ಹೆಸರು ಉಬ್ಬಕ್ಷರದಲ್ಲಿ ಮೂಡಿರಬಹುದು. ಒರಸಿ ನೋಡಿ, ಫೋಟೋ ತೆಗೆಯಿರಿ.

ಮೂರನೆಯದು ಅಳತೆ ನಕ್ಷೆ. ತಳನಕ್ಷೆ, ಮುಂಭಾಗ, ಒಂದು ಅಡ್ಡಸೀಳಿಕೆ 1:100ರಲ್ಲಿ, ಬಾಗಿಲು ಕಂಬ ಬೋದಿಗೆಯಂಥವು 1:20ರಲ್ಲಿ ಇರಲಿ. ಹಳೆಯ ಕೋಣೆಗಳ ಮೂಲೆ ಸರಿಯಾದ ಲಂಬಕೋನ ಆಗಿರುವುದಿಲ್ಲ, ನಾಲ್ಕು ಗೋಡೆ ಅಳೆದು ಸುಮ್ಮನಾದರೆ ನಕ್ಷೆ ಕೂಡುವುದೇ ಇಲ್ಲ. ಪ್ರತಿ ಕೋಣೆಯ ಎರಡೂ ಕರ್ಣಗಳನ್ನು ಅಳೆಯಿರಿ. ಹತ್ತಿರದ ವಾಸ್ತುಶಿಲ್ಪ ಕಾಲೇಜಿನವರನ್ನು ಕೇಳಿದರೆ ಇದನ್ನು ವಿದ್ಯಾರ್ಥಿಗಳ ಕೆಲಸವಾಗಿ ತೆಗೆದುಕೊಳ್ಳುವುದುಂಟು.

ನಾಲ್ಕನೆಯದು ಮಹತ್ವದ ಟಿಪ್ಪಣಿ, ಎರಡು ಪುಟ ಮೀರದಂತೆ. ‘ತುಂಬಾ ಹಳೆಯದು, ಸುಂದರವಾಗಿದೆ’ ಎಂದರೆ ಓದುವ ಅಧಿಕಾರಿ ಏನು ಮಾಡಬೇಕು? ಯಾವ ದಾರಿಯ ಯಾತ್ರಿಕರಿಗಾಗಿ ಕಟ್ಟಿದ್ದು, ಯಾರ ದಾನ, ಕಲ್ಲಿನ ಕಂಬ ಎಷ್ಟು, ಗಾರೆಯ ಕೆಲಸ ಎಲ್ಲಿ ಮೂಲದ್ದು ಉಳಿದಿದೆ, ತಾಲ್ಲೂಕಿನಲ್ಲಿ ಇಂಥ ಛತ್ರ ಇನ್ನೆಷ್ಟು ಉಳಿದಿವೆ ಎಂದು ಬರೆಯಿರಿ. ನಂತರ ಸೇರಿಸಿದ ಸಿಮೆಂಟ್ ಕಟ್ಟೆ, ತಗಡಿನ ಚಾವಣಿಗಳನ್ನು ಮುಚ್ಚಿಡಬೇಡಿ. ನೀವೇ ಹೇಳಿದರೆ ಅದು ಪ್ರಾಮಾಣಿಕತೆ, ಎದುರಿನವರು ತೋರಿಸಿದರೆ ಇಡೀ ಟಿಪ್ಪಣಿಯೇ ಅನುಮಾನಕ್ಕೆ ಒಳಗಾಗುತ್ತದೆ. ಯಾವ ಶ್ರೇಣಿಗೆ ಸೇರಿಸಬೇಕೆಂದೂ ಸೂಚಿಸಿ. 2016ರ ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಲ್ಲಿ ಮೂರು ಶ್ರೇಣಿಗಳಿವೆ: ಒಂದನೆಯದರಲ್ಲಿ ಕಟ್ಟಡ ಉಳಿಸಲು ಅನಿವಾರ್ಯವಾದದ್ದು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ, ಎರಡರಲ್ಲಿ ಒಳಗಿನ ಬದಲಾವಣೆಗೆ ಅವಕಾಶವಿದೆ, ಮೂರರಲ್ಲಿ ಒಳಗೂ ಹೊರಗೂ ಬೀದಿಯ ಚಹರೆಗೆ ಹೊಂದುವಂತೆ ಮಾರ್ಪಾಡು ಮಾಡಬಹುದು. ಎಲ್ಲವನ್ನೂ ಒಂದನೆಯ ಶ್ರೇಣಿಗೆ ಹಾಕಿ ಎಂದು ಪಟ್ಟು ಹಿಡಿಯುವುದು ತಪ್ಪು. ಸಂಸಾರ ಇರುವ ಮನೆಗೆ ಮೂರನೆಯದೇ ಸರಿ.

ಇಷ್ಟನ್ನೂ ಮೂರು ಪ್ರತಿ ಮಾಡಿ, ಯೋಜನಾ ಪ್ರಾಧಿಕಾರ, ಜಿಲ್ಲಾಧಿಕಾರಿ, ಪುರಾತತ್ವ ಇಲಾಖೆಯ ಆಯುಕ್ತರು, ಮೂವರಿಗೂ ಸಲ್ಲಿಸಿ. ಆದರೆ ಮೂರರಲ್ಲೂ ಕೇಳಿಕೆ ಒಂದೇ ಇರಲಿ, ಯೋಜನಾ ಕಾಯ್ದೆಯಡಿ ಪಾರಂಪರಿಕ ಕಟ್ಟಡದ ಘೋಷಣೆ. ಸ್ಮಾರಕದ ಮಾತು ಬೆರೆಸಬೇಡಿ. ಮೈಸೂರಿನಂತೆ ಜಿಲ್ಲಾ ಪಾರಂಪರಿಕ ಸಮಿತಿ ಇರುವ ಕಡೆ ಅದರ ಸಭೆಯ ವಿಷಯಪಟ್ಟಿಗೆ ಸೇರಿಸುವಂತೆ ಪ್ರತ್ಯೇಕ ಪತ್ರ ಕೊಡಿ. ಟಪ್ಪಾಲಿನಲ್ಲಿ ಮೊಹರು ಹಾಕಿಸಿಕೊಂಡ ನಿಮ್ಮ ಪ್ರತಿ ಚಿನ್ನಕ್ಕೆ ಸಮ. ಸದ್ದಿಲ್ಲದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ‘ಕ್ರಮ ಏನಾಯಿತು’ ಎಂದು ಕೇಳಬೇಡಿ, ಕಡತದ ಟಿಪ್ಪಣಿ ಹಾಳೆಯ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು, ಕಡತ ಯಾರ ಮೇಜಿನ ಮೇಲೆ ನಿಂತಿದೆ ಎಂದು ಅದರಲ್ಲೇ ಕಾಣುತ್ತದೆ.

ಮನೆಗಳ ಸಾಲಿನ ಬಗ್ಗೆ ಬೇರೆಯೇ ಎಚ್ಚರ ಬೇಕು. ಪ್ರದೇಶದ ಗಡಿಯನ್ನು ಬೀದಿಯ ನಡುಗೆರೆಯ ಮೇಲೆ ಎಳೆಯಬೇಡಿ. ಹಾಗೆ ಮಾಡಿದರೆ ಒಂದು ಮಗ್ಗುಲು ಉಳಿದು ಎದುರಿನ ಮಗ್ಗುಲಿನಲ್ಲಿ ಐದು ಅಂತಸ್ತು ಏಳುತ್ತದೆ, ಬೀದಿ ಸತ್ತಂತೆಯೇ. ಎರಡೂ ಬದಿಯ ನಿವೇಶನಗಳ ಹಿಂಬದಿಗೆ ಗಡಿ ಹಾಕಿ. ಪ್ರತಿ ಆಸ್ತಿಗೂ ಒಂದು ಸಾಲು ಬರೆಯಿರಿ: ಮೂಲ ರೂಪದಲ್ಲಿದೆ, ಬದಲಾಗಿದೆ, ಹೊಸದು. ಮಾಸ್ಟರ್ ಪ್ಲಾನಿನಲ್ಲಿ ಆ ರಸ್ತೆಗೆ ಅಗಲೀಕರಣದ ಗೆರೆ ಇದೆಯೇ ಎಂದು ತಪ್ಪದೆ ನೋಡಿ. ಜಗಲಿ ರಸ್ತೆಗೇ ತಾಗಿರುತ್ತದೆ. ಈಗಿನ ನಿಯಮ ಮುಂದೆ ಜಾಗ ಬಿಡು ಎನ್ನುತ್ತದೆ. ಆ ಗೆರೆಯನ್ನು ಕೈಬಿಡಿಸದೆ ಪಾರಂಪರಿಕ ಬೀದಿ ಎಂದು ಘೋಷಿಸಿದರೆ ಮೊದಲು ಹೋಗುವುದೇ ಜಗಲಿ.

ಮಾಲೀಕರ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಅವರಿಗೆ ತಿಳಿಸದೆ ಮುಂದೆ ಹೋಗುವುದು ಅನ್ಯಾಯ, ಕಾನೂನಿನಲ್ಲೂ ನಿಲ್ಲುವುದಿಲ್ಲ. ಪಟ್ಟಿಗೆ ಸೇರಿದ ಮಾತ್ರಕ್ಕೆ ಮನೆ ಸರ್ಕಾರದ್ದಾಗುವುದಿಲ್ಲ, ಮಾರಬಹುದು, ಮಕ್ಕಳಿಗೆ ಪಾಲು ಮಾಡಬಹುದು, ಅಡುಗೆಮನೆ ಬಚ್ಚಲು ಬದಲಿಸಬಹುದು ಎಂದು ಮನೆಮನೆಗೂ ಹೋಗಿ ಹೇಳಿ. ಆದರೆ ನಷ್ಟವೇ ಇಲ್ಲ ಎಂದು ಮಾತ್ರ ಹೇಳಬೇಡಿ, ಎತ್ತರ ಏರಿಸುವ ಅವಕಾಶ ಕಡಿಮೆಯಾಗುತ್ತದೆ. 1995ರಲ್ಲೇ ಪಾರಂಪರಿಕ ನಿಯಮ ತಂದ ಮುಂಬೈಯಲ್ಲಿ ಹೀಗೆ ಕಳೆದುಕೊಂಡ ಹಕ್ಕನ್ನು ಬೇರೆಡೆ ಬಳಸಲು, ಮಾರಲು ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ಕೊಡುವ ವ್ಯವಸ್ಥೆ ಇದೆ. ನಿಮ್ಮ ಮನವಿಯಲ್ಲೂ ಅಂಥ ಪರಿಹಾರಕ್ಕೆ ಒತ್ತಾಯ ಇರಲಿ. ದೇವಸ್ಥಾನ ಸೇರಿದ್ದರೆ ಇನ್ನೊಂದು ನೆರವಿದೆ: ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಹಳೆಯ ದೇಗುಲಗಳ ಜೀರ್ಣೋದ್ಧಾರವನ್ನು ಸರ್ಕಾರ 40, ಟ್ರಸ್ಟ್ 40, ಊರವರು 20 ಎಂಬ ಲೆಕ್ಕದಲ್ಲಿ ನಡೆಸಿಕೊಂಡು ಬಂದಿದೆ.

ಕೆಡವುವ ವಾದ ಸಾಮಾನ್ಯವಾಗಿ ‘ಕಟ್ಟಡ ಶಿಥಿಲವಾಗಿದೆ’ ಎಂಬ ವರದಿಯ ರೂಪದಲ್ಲಿ ಬರುತ್ತದೆ. ಆ ವರದಿ ಯಾವ ಪರೀಕ್ಷೆಯ ಮೇಲೆ ನಿಂತಿದೆ ಎಂದು ನೋಡಿ. ಕಾಂಕ್ರೀಟಿನ ಗಟ್ಟಿತನ ಅಳೆಯಲೆಂದು ಮಾಡಿದ ರಿಬೌಂಡ್ ಹ್ಯಾಮರನ್ನು ಸುಣ್ಣದ ಗಾರೆಯ ಗೋಡೆಗೆ ಬಡಿದು ಬಲ ಸಾಲದು ಎಂದಿದ್ದರೆ ಅದನ್ನು ಪ್ರಶ್ನಿಸಬೇಕು, ಸುಣ್ಣದ ಗೋಡೆ ಆ ಮಾಪನಕ್ಕೆ ಹೊಂದುವುದೇ ಇಲ್ಲ. ಸಂರಕ್ಷಣೆಯಲ್ಲಿ ಅನುಭವ ಇರುವ ಸ್ಟ್ರಕ್ಚರಲ್ ಎಂಜಿನಿಯರಿಂದ ಎರಡನೇ ವರದಿ ತರಿಸಿ. ಬಿರುಕಿನ ಎರಡೂ ಅಂಚಿಗೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಿ. ಗಾಜು ಒಡೆದರೆ ಬಿರುಕು ಜೀವಂತ, ಒಂದು ಮಳೆಗಾಲ ದಾಟಿಯೂ ಒಡೆಯದಿದ್ದರೆ ಅದು ಹಳೆಯ ಗಾಯ.

ಆದರೆ ನಿಜವಾಗಿ ಶಿಥಿಲವಾಗಿದ್ದರೆ ಭಾವುಕತೆ ಸಲ್ಲದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆ ಕುಸಿಯಿತು. ಎರಡೂ ಊರಿಗೆ ಊರೇ ಪರಂಪರೆ ಎಂದು ಎತ್ತಿ ಆಡುವ ಕಟ್ಟಡಗಳು. ಹೆಸರು ಪಟ್ಟಿಯಲ್ಲಿದ್ದರೆ ಮಾಡು ಸೋರುವುದು ನಿಲ್ಲುವುದಿಲ್ಲ. ಅರ್ಜಿ ಓಡಾಡುತ್ತಿರುವಾಗಲೇ ಮಾಲೀಕರ ಒಪ್ಪಿಗೆ ಪಡೆದು ಒಡೆದ ಹೆಂಚು ಬದಲಿಸಿ, ನೀರು ಹರಿಯುವ ಬಾಯಿಗಳನ್ನು ಬಿಡಿಸಿ, ಗೋಡೆಯಲ್ಲಿ ಬೇರುಬಿಟ್ಟ ಅರಳಿ ಸಸಿಯನ್ನು ಬೇರುಸಮೇತ ತೆಗೆಸಿ, ಆ ಸಂದಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಹಳೆಯ ಇಟ್ಟಿಗೆ ಪುಡಿಯಾಗುತ್ತದೆ.

ಜೆಸಿಬಿ ಬಾಗಿಲಿಗೆ ಬಂದೇ ಬಿಟ್ಟರೆ ಉಳಿದಿರುವುದು ಹೈಕೋರ್ಟಿನ ರಿಟ್ ಅರ್ಜಿ ಮತ್ತು ತಡೆಯಾಜ್ಞೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ: ಯಾರಿಗೆ, ಯಾವಾಗ ಮನವಿ ಕೊಟ್ಟಿದ್ದೀರಿ? ಮೊಹರಿನ ಪ್ರತಿ ಆಗ ಕೆಲಸಕ್ಕೆ ಬರುತ್ತದೆ. 1868ರಲ್ಲಿ ಕಟ್ಟಿ ಮುಗಿಸಿದ ಬೆಂಗಳೂರಿನ ಅಠಾರಾ ಕಚೇರಿಯನ್ನೇ (ಈಗಿನ ಹೈಕೋರ್ಟ್ ಕಟ್ಟಡ) 1980ರ ದಶಕದಲ್ಲಿ ಕೆಡವುವ ಪ್ರಸ್ತಾವವಿತ್ತು. ಜನ ದನಿ ಎತ್ತಿದರು, ವಿಷಯ ನ್ಯಾಯಾಲಯದವರೆಗೂ ಹೋಯಿತು, ಕೆಂಪು ಕಟ್ಟಡ ಇಂದಿಗೂ ನಿಂತಿದೆ. ಹೈದರಾಬಾದಿನ ಎರ್ರಮ್ ಮಂಜಿಲ್ ಅರಮನೆಯನ್ನು ಕೆಡವಿ ವಿಧಾನಸಭೆ ಕಟ್ಟುವ ಸಂಪುಟದ ನಿರ್ಧಾರವನ್ನು ತೆಲಂಗಾಣ ಹೈಕೋರ್ಟ್ 2019ರಲ್ಲಿ ರದ್ದು ಮಾಡಿತು. ಆ ಅರಮನೆ ಹಿಂದೆ ಪಾರಂಪರಿಕ ಕಟ್ಟಡಗಳ ನಿಯಮದ ಪಟ್ಟಿಯಲ್ಲಿ ಸೇರಿದ್ದು ಆ ವಾದಕ್ಕೆ ಬೆನ್ನೆಲುಬಾಯಿತು.

ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ದಿನವೇ ಅದರ ಪ್ರತಿ ಹಿಡಿದು ಪುರಸಭೆಯ ಕಟ್ಟಡ ಪರವಾನಗಿ ವಿಭಾಗಕ್ಕೆ ಹೋಗಿ. ಆಸ್ತಿ ಸಂಖ್ಯೆಯ ಎದುರು ‘ಪಾರಂಪರಿಕ ಕಟ್ಟಡ, ಅನುಮತಿಗೆ ಮೊದಲು ಸಮಿತಿಗೆ ಕಳಿಸುವುದು’ ಎಂಬ ಷರಾ ವಹಿಯಲ್ಲೂ ಕಂಪ್ಯೂಟರಿನಲ್ಲೂ ಬರೆಸಿ, ಅದರ ದೃಢೀಕೃತ ಪ್ರತಿ ಪಡೆಯಿರಿ. ಪರವಾನಗಿ ಕೊಡುವ ಗುಮಾಸ್ತರು ರಾಜ್ಯಪತ್ರ ಹುಡುಕಲು ಹೋಗುವುದಿಲ್ಲ, ಎದುರಿಗಿರುವ ವಹಿಯನ್ನು ನೋಡುತ್ತಾರೆ.