ರಾಯಚೂರು, ಬಳ್ಳಾರಿ ಕಡೆಯ ಸಾರಿಗೆಗೆ ಹೈಡ್ರೋಜನ್ ಬಸ್ಸು ಸೂಕ್ತವೋ, ಬ್ಯಾಟರಿ ಬಸ್ಸೋ?

ಸದ್ಯಕ್ಕೆ ಬ್ಯಾಟರಿ ಬಸ್ಸೇ ಸೂಕ್ತವೆಂಬುದು ನನ್ನ ಅಭಿಪ್ರಾಯ. ಕಾರಣ ವಿದ್ಯುತ್ತಿನ ಲೆಕ್ಕದಲ್ಲಿದೆ.

ನೀರನ್ನು ವಿಭಜಿಸಿ ಒಂದು ಕಿಲೋ ಹೈಡ್ರೋಜನ್ ತಯಾರಿಸಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. 12 ಮೀಟರ್ ಉದ್ದದ ಬಸ್ಸು 100 ಕಿ.ಮೀ.ಗೆ ಸುಮಾರು 8 ಕಿಲೋ ಬಳಸುತ್ತದೆ ಎಂದಿಟ್ಟುಕೊಂಡರೆ, ಅನಿಲವನ್ನು 350 ಬಾರ್ ಒತ್ತಡಕ್ಕೆ ಅದುಮಿ ತುಂಬುವ ಖರ್ಚನ್ನು ಬಿಟ್ಟರೂ 400 ಯೂನಿಟ್ಟಿಗೆ ಕಡಿಮೆಯಾಗದು. ಅಷ್ಟೇ ದೂರಕ್ಕೆ ಬ್ಯಾಟರಿ ಬಸ್ಸಿಗೆ 120ರಿಂದ 150 ಯೂನಿಟ್ ಸಾಕು. ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ತಿನಿಂದಲೇ ಹೈಡ್ರೋಜನ್ ತಯಾರಿಸಿದರೆ, ಬಸ್ಸಿನ ಹಿಂದಿನ ಹೊಗೆ ಸ್ಥಾವರದ ಚಿಮಣಿಗೆ ಹೋಯಿತಷ್ಟೇ.

ಬಳ್ಳಾರಿ–ಹೊಸಪೇಟೆಯಂತಹ ಸುಮಾರು 60 ಕಿ.ಮೀ. ಮಾರ್ಗದಲ್ಲಿ ರಾತ್ರಿ ಡಿಪೋದಲ್ಲಿ ಚಾರ್ಜ್ ಮಾಡಿ, ಮಧ್ಯಾಹ್ನ ಚಾಲಕ, ನಿರ್ವಾಹಕರು ಊಟಕ್ಕೆ ಇಳಿದಾಗ ಮತ್ತೊಮ್ಮೆ ಪ್ಲಗ್ ಸಿಕ್ಕಿಸಿದರೆ ದಿನದ ಟ್ರಿಪ್ಪುಗಳು ಮುಗಿಯುತ್ತವೆ. ಆದರೆ ರಾಯಚೂರಿನ ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ, ಬ್ಯಾಟರಿಯನ್ನೂ ತಂಪಾಗಿಡಬೇಕಾಗುವುದರಿಂದ ಒಂದು ಚಾರ್ಜಿಗೆ ಓಡುವ ದೂರ ತಗ್ಗುತ್ತದೆ. ಟೆಂಡರಿನಲ್ಲಿ ನೋಡಬೇಕಾದದ್ದು ಬೇಸಿಗೆಯ ಈ ದೂರವನ್ನೇ.

ಹೈಡ್ರೋಜನ್ ಹತ್ತೇ ನಿಮಿಷದಲ್ಲಿ ತುಂಬುತ್ತದೆ, ನಿಜ. ರಾಯಚೂರು–ಬೆಂಗಳೂರಿನಂತಹ ರಾತ್ರಿ ಬಸ್ಸಿಗೆ ಅದು ಮುಂದೊಮ್ಮೆ ಒಪ್ಪಬಹುದು. ಬಿಸಿಲು, ಗಾಳಿಯ ವಿದ್ಯುತ್ತಿನಿಂದ ತಯಾರಿಸುವ ‘ಹಸಿರು’ ಹೈಡ್ರೋಜನ್ ಅಗ್ಗವಾದರೂ ಅದರ ಮೊದಲ ಹಕ್ಕು ತೋರಣಗಲ್ಲಿನ ಉಕ್ಕಿನ ಕುಲುಮೆಗಳದ್ದು, ಏಕೆಂದರೆ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಿ ಕಬ್ಬಿಣ ತೆಗೆಯುವ ಕೆಲಸವನ್ನು ಬ್ಯಾಟರಿ ಮಾಡಲಾರದು.