ಬದಿಯಡ್ಕದಲ್ಲಿ ಅಡಿಕೆ ಅಂಗಡಿ ನಡೆಸುತ್ತಲೇ ಟೆರಿಟೋರಿಯಲ್ ಆರ್ಮಿ ಅಧಿಕಾರಿ ಆಗಬಹುದೇ?

ಖಂಡಿತ ಆಗಬಹುದು. ಸ್ವಂತ ಸಂಪಾದನೆ ಇರುವ ನಾಗರಿಕರಿಗೆಂದೇ 1949ರಲ್ಲಿ ಶುರುವಾದ, ಸೇನೆಯ ಅರೆಕಾಲಿಕ ಪಡೆ ಇದು. ವಯಸ್ಸು 18ರಿಂದ 42ರ ಒಳಗೆ, ಕೈಯಲ್ಲೊಂದು ಪದವಿ, ಬಿ.ಕಾಂ. ಆಗಿರುವ ನಿಮಗೆ ಅಲ್ಲಿ ತೊಡಕಿಲ್ಲ. ನಟ ಮೋಹನ್‌ಲಾಲ್ ಅವರಿಗೆ 2009ರಲ್ಲಿ ಇದೇ ಪಡೆಯಲ್ಲಿ ಸಿಕ್ಕಿದ್ದು ಗೌರವ ಹುದ್ದೆ. ನೀವು ಕೇಳುತ್ತಿರುವುದು ಪರೀಕ್ಷೆ ಬರೆದು ಪಡೆಯುವ ಕಮಿಷನ್, ಅಂದರೆ ಅಧಿಕಾರಿ ಹುದ್ದೆ.

ವ್ಯಾಪಾರಿಯಾದ ನೀವು ಉದ್ಯೋಗದ ಸ್ವರೂಪ, ವಾರ್ಷಿಕ ಆದಾಯ ತಿಳಿಸುವ ಅಫಿಡವಿಟ್ಟನ್ನು ಛಾಪಾ ಕಾಗದದಲ್ಲಿ ಮಾಡಿಸಬೇಕು. ಅದರಲ್ಲಿನ ಆದಾಯ ಐಟಿ ರಿಟರ್ನ್ ಜೊತೆ ತಾಳೆಯಾಗಲಿ.

ಆಯ್ಕೆಯ ಹಂತಗಳು: ಲಿಖಿತ ಪರೀಕ್ಷೆ, ಪ್ರಾಥಮಿಕ ಸಂದರ್ಶನ, ಸೇನೆಯ ಆಯ್ಕೆ ಮಂಡಳಿ (ಎಸ್‌ಎಸ್‌ಬಿ) ನಡೆಸುವ ಐದು ದಿನದ ಪರೀಕ್ಷೆ, ಕೊನೆಗೆ ವೈದ್ಯಕೀಯ ತಪಾಸಣೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟ ಎನಿಸುವುದು ಎಸ್‌ಎಸ್‌ಬಿಯ ಪದ ಪರೀಕ್ಷೆ: 60 ಪದ, ಒಂದೊಂದಕ್ಕೆ 15 ಸೆಕೆಂಡು, ಅಷ್ಟರಲ್ಲಿ ಹೊಳೆದ ವಾಕ್ಯ ಬರೆಯಬೇಕು. ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸುತ್ತ ಕೂತರೆ ಮುಂದಿನ ಪದ ಬಂದಿರುತ್ತದೆ. ದಿನವೂ ಗಡಿಯಾರ ಇಟ್ಟುಕೊಂಡು ಬರೆಯಿರಿ.

ನನ್ನ ಮಟ್ಟಿಗೆ ಆಯ್ಕೆಗಿಂತ ದೊಡ್ಡ ಪ್ರಶ್ನೆ ಅಂಗಡಿಯದ್ದು. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷ ಎರಡು ತಿಂಗಳ ಶಿಬಿರ, ಮೊದಲೆರಡು ವರ್ಷದೊಳಗೆ ಚೆನ್ನೈಯ ಓಟಿಎಯಲ್ಲಿ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ) ಮೂರು ತಿಂಗಳು. ಅಡಿಕೆ ಸೀಸನ್ ನೋಡಿಕೊಂಡು ಶಿಬಿರದ ದಿನ ಗೊತ್ತುಮಾಡುವುದಿಲ್ಲ. ಕರೆ ಬಂದರೆ ಇನ್ನೂ ಹೆಚ್ಚು ಕಾಲ ಹೋಗಬೇಕು. 2025ರ ಮೇ ತಿಂಗಳಲ್ಲಿ ಈ ಪಡೆಯ 32 ಕಾಲಾಳು ಬೆಟಾಲಿಯನ್‌ಗಳ ಪೈಕಿ 14ನ್ನು ಕರೆಸಿಕೊಳ್ಳಲು ಸರಕಾರ ಅನುಮತಿ ಕೊಟ್ಟಿತ್ತು. ಸಂಬಳ ಸೇವೆಯಲ್ಲಿದ್ದ ದಿನಗಳಿಗೆ ಮಾತ್ರ. ನೌಕರನಾದರೆ ಮರಳಿದಾಗ ಅದೇ ಕೆಲಸ ಕೊಡಬೇಕೆಂದು ಟೆರಿಟೋರಿಯಲ್ ಆರ್ಮಿ ಕಾಯ್ದೆಯ 7ಎ ವಿಧಿ ಹೇಳುತ್ತದೆ. ಅಂಗಡಿ ಯಜಮಾನನಿಗೆ ಆ ಆಸರೆ ಇಲ್ಲ, ಏರ್ಪಾಡು ನೀವೇ ಮಾಡಿಕೊಳ್ಳಬೇಕು.

ಬ್ಯಾಂಕ್ ಖಾತೆಗೆ ಇನ್ನೊಬ್ಬರ ಸಹಿ ಸೇರಿಸಿ. ತಿಂಗಳ ಲೆಕ್ಕದವರಿಗೆ ಜಿಎಸ್‌ಟಿ ರಿಟರ್ನ್ 11 ಮತ್ತು 20ನೇ ತಾರೀಕು. ಓಟಿಪಿ ನಿಮ್ಮ ಫೋನಿಗೇ ಬರುವಂತಿದ್ದರೆ ನೀವು ಮೈದಾನದಲ್ಲಿರುವಾಗ ಗಡುವು ದಾಟಿ ದಂಡ ಬೀಳುತ್ತದೆ. ಮನೆಯವರನ್ನೋ ಅಕೌಂಟೆಂಟರನ್ನೋ ಅಧಿಕೃತ ಸಹಿದಾರರಾಗಿ ಮೊದಲೇ ನೋಂದಾಯಿಸಿ.

ಇದೆಲ್ಲ ಕಾಗದದ ಕೆಲಸ, ವಾರದಲ್ಲಿ ಮುಗಿದೀತು. ಅಡಿಕೆ ನೋಡುವ ಕಣ್ಣು ಹಾಗೆ ಬರುವುದಿಲ್ಲ. ಚಾಲಿಯ (ಒಣಗಿಸಿ ಸುಲಿದ ಅಡಿಕೆ) ಗೋಣಿ ಸುರಿದಾಗ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ಕೆಳದರ್ಜೆಯವನ್ನು ಬೇರೆ ಮಾಡಿ ದರ ಕಟ್ಟಬೇಕು. ಒಣಗದ್ದನ್ನು ಒಡೆದು ನೋಡಿ ಬದಿಗಿಡಬೇಕು. ಅದನ್ನು ತಪ್ಪಿದರೆ ಒಂದೇ ಶಿಬಿರದ ಅವಧಿಯಲ್ಲಿ ದಾಸ್ತಾನಿಗೆ ಬೂಸ್ಟು ಹಿಡಿಯುತ್ತದೆ. ಇಡೀ ಒಂದು ಸೀಸನ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಕಲಿಸಿ, ಆಮೇಲೆ ಅರ್ಜಿ ಹಾಕಿ.