ಆ ಕಥೆಗಳಲ್ಲಿ ಅವಳು ಯಾಕೆ ಸಾಯುತ್ತಾಳೆ?

ಅಕ್ಕಾ, ನನಗೆ 27 ವರ್ಷ. ಊರು ಚಿತ್ರದುರ್ಗ. ಕೆಲಸಕ್ಕಾಗಿ ದಾವಣಗೆರೆಯಲ್ಲಿ ಅಣ್ಣ-ಅತ್ತಿಗೆ ಮನೆಯಲ್ಲಿದ್ದೇನೆ. ಎರಡು ವರ್ಷದಿಂದ ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಕಥೆಗಳನ್ನೇ ಹುಡುಕಿ ಓದುತ್ತಿದ್ದೇನೆ. ಹೋದ ತಿಂಗಳು ಅತ್ತಿಗೆ ಮಗುವಿಗೆ ಕಾರ್ಟೂನ್ ಹಾಕಲು ನನ್ನ ಟ್ಯಾಬ್ ತೆಗೆದರು. ಪುಸ್ತಕಗಳನ್ನು ನೋಡಿ, "ಏನೇ ಇದು, ನೀನೂ ಹಿಂಗೇನಾ?" ಎಂದರು. ನನಗೇ ಉತ್ತರ ಗೊತ್ತಿಲ್ಲ. ಅತ್ತಿಗೆ ಅಣ್ಣನಿಗೆ ಇನ್ನೂ ಹೇಳಿಲ್ಲ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಓದಿದ ಎಷ್ಟೋ ಕಥೆಗಳಲ್ಲಿ ಕೊನೆಗೆ ಅವಳು ಸಾಯುತ್ತಾಳೆ, ಇಲ್ಲ ಹುಚ್ಚಿಯಾಗುತ್ತಾಳೆ. ಆ ರಾತ್ರಿ ನಿದ್ದೆ ಬರುವುದಿಲ್ಲ. ಓದುವುದನ್ನೇ ಬಿಟ್ಟುಬಿಡಲಾ?
– ಹೆಸರು ಬೇಡ, ದಾವಣಗೆರೆ

ಅಕ್ಕಾ ಎಂದು ಕರೆದಿದ್ದೀಯ, ನಾನೂ ನೀನು ಅಂತಲೇ ಬರೆಯುತ್ತೇನೆ. ಓದುವುದನ್ನು ಬಿಡಬೇಡ. ಆದರೆ ನಿನ್ನ ನಿದ್ದೆ ಕೆಡಿಸಿದ ಆ ಸಾವುಗಳು ಎಲ್ಲಿಂದ ಬಂದವು ಅನ್ನುವುದು ನಿನಗೆ ಗೊತ್ತಿರಬೇಕು.

1928ರಲ್ಲಿ ರಾಡ್‌ಕ್ಲಿಫ್ ಹಾಲ್ ಎಂಬ ಲೇಖಕಿ ಇಂಥದ್ದೊಂದು ಕಾದಂಬರಿ ಬರೆದರು. ಲಂಡನ್ನಿನ ಕೋರ್ಟು ಅದನ್ನು ಅಶ್ಲೀಲ ಎಂದು ಹೇಳಿ, ಪ್ರತಿಗಳನ್ನು ನಾಶ ಮಾಡಿ ಎಂದಿತು. ಇಸ್ಮತ್ ಚುಗ್ತಾಯಿ 1942ರಲ್ಲಿ ಉರ್ದುವಿನಲ್ಲಿ 'ಲಿಹಾಫ್' ಬರೆದು ಲಾಹೋರಿನ ಕೋರ್ಟು ಹತ್ತಬೇಕಾಯಿತು. ಕಥೆಯಲ್ಲಿ ಒಂದು ಅಶ್ಲೀಲ ಪದವನ್ನೂ ತೋರಿಸಲಾಗದೆ ಆ ಕೇಸು ಬಿದ್ದುಹೋಯಿತು. ಅಮೆರಿಕದಲ್ಲಿ 1952ರಲ್ಲಿ 'ಸ್ಪ್ರಿಂಗ್ ಫೈರ್' ಎಂಬ ಅಗ್ಗದ ಪುಸ್ತಕ ಬಂತು. ಹುಡುಗಿಯರಿಬ್ಬರೂ ಸುಖವಾಗಿದ್ದರು ಅಂತ ಮುಗಿಸುವ ಹಾಗಿಲ್ಲ ಎಂದು ಸಂಪಾದಕರು ಲೇಖಕಿಗೆ ಮೊದಲೇ ಹೇಳಿದ್ದರು. ಹಾಗೆ ಮುಗಿಸಿದರೆ ಅಂಚೆಯವರು ಪುಸ್ತಕಗಳನ್ನೇ ತಡೆದಾರು ಎಂಬ ಭಯ. ಹಾಗಾಗಿ ಒಬ್ಬಳಿಗೆ ಹುಚ್ಚು ಹಿಡಿಯುತ್ತದೆ. ಇನ್ನೊಬ್ಬಳು, ನಾನು ಅವಳನ್ನು ಪ್ರೀತಿಸಿಯೇ ಇರಲಿಲ್ಲ ಅಂದುಕೊಳ್ಳುತ್ತಾಳೆ.

ಕೋರ್ಟಿಗೆ, ಅಂಚೆ ಇಲಾಖೆಗೆ ಹೆದರಿ ಬರೆದ ಕೊನೆ ಅದು. ಅದನ್ನು ನೀನು ನಿನ್ನ ಹಣೆಬರಹ ಅಂತ ಓದಿಕೊಂಡು ರಾತ್ರಿ ಎದ್ದು ಕೂರುತ್ತಿದ್ದೀಯ. ನನಗೆ ಸಂಕಟವಾಗುವುದು ಇದಕ್ಕೇ.

ಅದೇ 1952ರಲ್ಲಿ ಪೆಟ್ರೀಷಿಯಾ ಹೈಸ್ಮಿತ್ 'ದಿ ಪ್ರೈಸ್ ಆಫ್ ಸಾಲ್ಟ್' ಬರೆದರು. ಅದರಲ್ಲಿ ಇಬ್ಬರೂ ಬದುಕುತ್ತಾರೆ, ಮತ್ತೆ ಸೇರುವ ಭರವಸೆಯಲ್ಲಿ ಕಥೆ ಮುಗಿಯುತ್ತದೆ. ಅವರು ಅದನ್ನು ಬರೆದದ್ದು ಬೇರೆ ಹೆಸರಿನಲ್ಲಿ. ಸ್ವಂತ ಹೆಸರು ಹಾಕಲು 1990 ಬರಬೇಕಾಯಿತು. ಆ ಪುಸ್ತಕ ಓದಿದವರು ರಾಶಿ ರಾಶಿ ಪತ್ರ ಬರೆದರಂತೆ. ಅವರಲ್ಲೂ ಎಷ್ಟೋ ಜನ ನಿನ್ನ ಹಾಗೇ ನಿದ್ದೆಗೆಟ್ಟವರು ಇದ್ದಿರಬೇಕು, ಅಲ್ವಾ?

ಬರೀ ದುಃಖದ ಪ್ರೇಮಕಥೆಗಳಲ್ಲೇ ಸುತ್ತಬೇಡ. ಪತ್ತೇದಾರಿ ರುಚಿ ಇದ್ದರೆ ಸಾರಾ ವಾಟರ್ಸ್ ಅವರ 'ಫಿಂಗರ್‌ಸ್ಮಿತ್' ಹಿಡಿ. ಹಳೇ ಲಂಡನ್ನಿನ ಕಳ್ಳರ ನಡುವೆ ಬೆಳೆದ ಹುಡುಗಿಯ ಕಥೆ, ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ಮಾಯ-ಮಂತ್ರ, ರಾಜ್ಯದ ಕಥೆ ಬೇಕೆಂದರೆ ತಾಶಾ ಸೂರಿ ಅವರ 'ದಿ ಜಾಸ್ಮಿನ್ ಥ್ರೋನ್' ಇದೆ. ಅದರಲ್ಲಿ ಸೆರೆಯಲ್ಲಿರುವ ರಾಜಕುಮಾರಿ ಮತ್ತು ಒಬ್ಬ ಕೆಲಸದ ಹುಡುಗಿ ಸಾಮ್ರಾಜ್ಯವನ್ನೇ ಎದುರು ಹಾಕಿಕೊಳ್ಳುತ್ತಾರೆ. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' ಇದೆ, ಆದರೆ ಅದು ಗಂಡಸರ ಕಥೆ. ಹೆಣ್ಣುಮಕ್ಕಳದ್ದು ನಮ್ಮಲ್ಲಿ ಇನ್ನೂ ತುಂಬಾ ಕಡಿಮೆ. ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ.

ಇನ್ನು ಅತ್ತಿಗೆಯ ಪ್ರಶ್ನೆ. ನೀನು ದುರ್ಗದವಳು. 'ದುರ್ಗಾಸ್ತಮಾನ' ಓದಿದವರನ್ನು ಯಾರಾದರೂ "ನೀನೂ ಪಾಳೆಯಗಾರನಾ?" ಎಂದು ಕೇಳುತ್ತಾರಾ? ಯಾರು ಯಾರ ಕಥೆಯನ್ನಾದರೂ ಓದಬಹುದು. ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ನಿನಗೆ ಮೋಸ ಮಾಡಿದ ಹಾಗೆ. ಎರಡು ವರ್ಷದಿಂದ ಒಂದೇ ಥರದ ಕಥೆ ಹುಡುಕುತ್ತಿದ್ದೀಯ. ಪುಸ್ತಕ ಮುಚ್ಚಿದ ಮೇಲೂ ನಿನ್ನ ಮನಸ್ಸು ಎಲ್ಲಿ ಹೋಗುತ್ತದೆ, ಯಾರ ಕಡೆ ಹೋಗುತ್ತದೆ ನೋಡಿಕೋ. ಉತ್ತರಕ್ಕೆ ಗಡುವು ಇಲ್ಲ. ಹೌದು ಅಂತ ಬಂದರೂ ಅದು ಕಾಯಿಲೆಯಲ್ಲ, ಅಪರಾಧವೂ ಅಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಹೆಣ್ಣು ಹೆಣ್ಣನ್ನು ಮದುವೆಯಾಗಲು ನಮ್ಮ ಕಾನೂನಿನಲ್ಲಿ ಇನ್ನೂ ಜಾಗವಿಲ್ಲ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ 'ಸರಿ ಮಾಡಿಸುತ್ತೇವೆ' ಎಂದು ಯಾರಾದರೂ ಡಾಕ್ಟರ ಹತ್ತಿರ ಎಳೆದರೆ ಹೋಗಬೇಡ. ಅಂಥ ಚಿಕಿತ್ಸೆ ಕೊಡುವುದು ತಪ್ಪು ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಿದೆ. ರಾತ್ರಿ ತೀರಾ ಭಾರವಾದರೆ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಅತ್ತಿಗೆ ಒಂದು ತಿಂಗಳಿಂದ ವಿಷಯವನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ. ಅದನ್ನು ಸಣ್ಣದು ಅಂದುಕೊಳ್ಳಬೇಡ. ಹಾಗಂತ ಈಗಲೇ ಎಲ್ಲ ಬಿಚ್ಚಿ ಹೇಳಲೂಬೇಡ. ಇಬ್ಬರೂ ಸೊಪ್ಪು ಬಿಡಿಸುತ್ತಾ ಕೂತಾಗ ಸುಮ್ನೆ ಒಂದು ಕಥೆ ಹೇಳು. ಆಲಿಸ್ ವಾಕರ್ ಅವರ 'ದಿ ಕಲರ್ ಪರ್ಪಲ್' ಆಗಬಹುದು. ಗಂಡನ ಕೈಲಿ ಹೊಡೆಸಿಕೊಂಡ ಹಳ್ಳಿ ಹೆಂಗಸು ಸೀಲಿ. ಇನ್ನೊಬ್ಬ ಹೆಣ್ಣಿನ ಪ್ರೀತಿ ಸಿಕ್ಕ ಮೇಲೆ ಮನೆ ಬಿಟ್ಟು ಪ್ಯಾಂಟು ಹೊಲಿದು ಮಾರುತ್ತಾಳೆ. ಕೊನೆಗೆ ಸ್ವಂತ ಮನೆಯಲ್ಲಿ ಇರುತ್ತಾಳೆ, ದೂರವಾಗಿದ್ದ ತಂಗಿಯೂ ಬರುತ್ತಾಳೆ. "ಆಮೇಲೇನಾಯ್ತು?" ಎಂದು ಅತ್ತಿಗೆ ಕೇಳಿದರೆ ಮುಂದುವರಿಸು. ಮುಖ ತಿರುಗಿಸಿದರೆ ಅಲ್ಲಿಗೇ ಬಿಡು, ಟ್ಯಾಬ್‌ಗೆ ಲಾಕ್ ಹಾಕು. ಅದು ಸುಳ್ಳು ಹೇಳಿದ ಹಾಗಲ್ಲ.

ಗಂಡು ನೋಡುವ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರು. "ಅಣ್ಣ, ಸದ್ಯಕ್ಕೆ ಬೇಡ, ನನ್ನ ಕೆಲಸ ಒಂದು ಹಂತಕ್ಕೆ ಬರಲಿ" ಎನ್ನು. ಅದಕ್ಕಿಂತ ಜಾಸ್ತಿ ಕಾರಣ ಕೊಡಬೇಕಿಲ್ಲ. ನಿನ್ನ ಮನಸ್ಸು ನಿನಗೆ ತಿಳಿಯುವ ತನಕ, ಯಾರು ಎಷ್ಟೇ ಒಳ್ಳೆಯ ಸಂಬಂಧ ಅಂದರೂ ತಲೆ ಆಡಿಸಬೇಡ. ಬರುವ ಹುಡುಗನಿಗೂ ಒಂದು ಬದುಕು ಇದೆ.